ಅಲಗೇರಿಗೆ ವಿಮಾನ ಬಂದರೆ ನಡೆಸುವವರು ಎಲ್ಲಿಂದ ಬರುತ್ತಾರೆ?

ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಎಂಬ ಮಾತು ಶುರುವಾಗಿ ಬಹಳ ಕಾಲವಾಯಿತು. ನೌಕಾಪಡೆಯದೊಂದು ರನ್‌ವೇ, ಅದರ ಬದಿಯಲ್ಲೇ ಸಾರ್ವಜನಿಕರಿಗೊಂದು ಟರ್ಮಿನಲ್. ಯೋಜನೆ ಇಷ್ಟು. ಜಮೀನು, ಪರಿಹಾರ, ಸರ್ವೆ ಎಲ್ಲ ಮಾತಾಡಿ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕಡೆಗೆ ಬರುವ ಪ್ರಶ್ನೆ ಒಂದೇ: "ನಮ್ಮ ಹುಡುಗರಿಗೆ ಕೆಲಸ ಸಿಗ್ತದಾ?" ಕೈಗಾ ಬಂದಾಗಲೂ ಇದನ್ನೇ ಕೇಳಿದ್ದೆವು. ಕೊಂಕಣ ರೈಲು ಬಂದಾಗಲೂ, ಸೀಬರ್ಡ್ ನೌಕಾನೆಲೆ ಬಂದಾಗಲೂ ಇದನ್ನೇ ಕೇಳಿದ್ದೆವು.

ನ್ಯಾಯವಾದ ಪ್ರಶ್ನೆಯೇ. ಆದರೆ ವಿಮಾನದ ವಿಷಯದಲ್ಲಿ ಒಂದು ತೊಡಕಿದೆ. ನಿಲ್ದಾಣದ ಕೆಲಸ ಬೇರೆ, ವಿಮಾನಯಾನದ ಕೆಲಸ ಬೇರೆ. ಟರ್ಮಿನಲ್ಲಿನ ಕೌಂಟರ್, ಲಗೇಜು ಸಾಗಣೆ, ಟ್ಯಾಕ್ಸಿ, ಕ್ಯಾಂಟೀನು, ಸ್ವಚ್ಛತೆ ಎಲ್ಲ ಊರಿಗೆ ಅಂಟಿಕೊಂಡ ಕೆಲಸಗಳು. ಪೈಲಟ್, ವಿಮಾನದ ಮೆಂಟೆನೆನ್ಸ್ ಎಂಜಿನಿಯರ್, ಏರ್ ಟ್ರಾಫಿಕ್ ಕಂಟ್ರೋಲರ್ ಹಾಗಲ್ಲ. ಅವರು ಇಡೀ ದೇಶಕ್ಕೆ ಸೇರಿದವರು. ಶಿರಸಿಯ ಹುಡುಗಿಯೊಬ್ಬಳು ಪೈಲಟ್ ಆದರೆ ಆಕೆಯ ಬಿಡಾರ ಬೆಂಗಳೂರೋ ದಿಲ್ಲಿಯೋ ಆಗಿರುತ್ತದೆ, ಅಲಗೇರಿ ಅಲ್ಲ. ಅಲಗೇರಿಯಲ್ಲಿ ವಿಮಾನ ಇಳಿಯದೇ ಹೋದರೂ ಆಕೆ ಪೈಲಟ್ ಆಗಬಹುದು. ಇಲ್ಲಿ ರನ್‌ವೇ ಆದ ಮಾತ್ರಕ್ಕೆ ಇಲ್ಲಿಯ ಮಕ್ಕಳು ಪೈಲಟ್ ಆಗುವುದೂ ಇಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋವಾದ ದಾಬೋಲಿ ಕೂಡ ನೌಕಾಪಡೆಯ ನೆಲೆಯೇ. ಅಲ್ಲಿ ಪ್ರಯಾಣಿಕರ ಟರ್ಮಿನಲ್ ನಾಗರಿಕರದ್ದು, ಆದರೆ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲ್ ನೌಕಾಪಡೆಯ ಕೈಯಲ್ಲಿದೆ. ಅಲಗೇರಿಯಲ್ಲೂ ಹಾಗೇ ಆದರೆ ಆಶ್ಚರ್ಯ ಪಡಬೇಕಾಗಿಲ್ಲ.

ಹಾಗಾದರೆ ಈ ಪರಿಣತರು ತಯಾರಾಗುವುದು ಹೇಗೆ? ಯಾಕೆ ಇಷ್ಟು ವರ್ಷ ಬೇಕು?

ಬುಡದಿಂದ ನೋಡೋಣ. 1944ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ನಾಗರಿಕ ವಿಮಾನಯಾನದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಅದರಿಂದ ಹುಟ್ಟಿದ ಸಂಸ್ಥೆಗೆ ಐಕಾವೋ ಎನ್ನುತ್ತಾರೆ. ಆ ಒಪ್ಪಂದದ ಮೊದಲ ಅನುಬಂಧವೇ ಸಿಬ್ಬಂದಿಯ ಲೈಸೆನ್ಸ್ ಬಗ್ಗೆ. ಯಾರಿಗೆ ಎಷ್ಟು ವಯಸ್ಸು, ಎಷ್ಟು ಓದು, ಎಷ್ಟು ಅನುಭವ, ಎಂಥ ಆರೋಗ್ಯ ಇರಬೇಕು ಎಂಬ ಕನಿಷ್ಠ ಮಟ್ಟ ಅದರಲ್ಲಿದೆ. ಭಾರತದಲ್ಲಿ ಇದನ್ನು ಜಾರಿ ಮಾಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 1934ರ ಹಳೆಯ ಏರ್‌ಕ್ರಾಫ್ಟ್ ಕಾಯ್ದೆಯ ಜಾಗಕ್ಕೆ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾನೂನಿನ ಮಾತು ಇಷ್ಟು ಸಾಕು.

ಈ ಲೈಸೆನ್ಸ್ ಅನ್ನುವುದು "ಇವನಿಗೆ ಈ ಕೆಲಸ ಬರುತ್ತದೆ" ಎಂಬ ಸರ್ಟಿಫಿಕೇಟ್ ಎಂದು ನಾವು ಅಂದುಕೊಳ್ಳುತ್ತೇವೆ. ಅರ್ಧ ಮಾತ್ರ ನಿಜ. ನನ್ನ ಪ್ರಕಾರ ಅದು "ಬೇಡ" ಎನ್ನುವ ಅಧಿಕಾರ. ಈ ವಿಮಾನ ಇವತ್ತು ಹಾರುವುದು ಬೇಡ, ಇಲ್ಲಿ ಇಳಿಯುವುದು ಬೇಡ, ನೀವು ಇನ್ನೂ ರನ್‌ವೇಗೆ ಬರುವುದು ಬೇಡ. ನಮ್ಮ ಕಡಲಿನ ಬೋಟಿನ ತಾಂಡೇಲನೂ ಇದನ್ನೇ ಮಾಡುತ್ತಾನಲ್ಲವೇ? ಗಾಳಿಯ ಚಹರೆ ನೋಡಿ ಇವತ್ತು ಬೋಟು ಇಳಿಸುವುದು ಬೇಡ ಎಂದರೆ ಮಾಲೀಕ ಕೂಡ ಸುಮ್ನಾಗಬೇಕು. ತಾಂಡೇಲನಿಗೆ ಆ ಮಾತು ಬರಲು ಅರ್ಧ ಆಯುಷ್ಯ ಬೇಕು. ವಿಮಾನಯಾನದಲ್ಲಿ ಅದನ್ನು ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಕೆಲವೇ ವರ್ಷಗಳಲ್ಲಿ ಕಲಿಸಬೇಕು. ಕಷ್ಟ ಇರುವುದೇ ಅಲ್ಲಿ.

ಪೈಲಟ್‌ನಿಂದ ಶುರು ಮಾಡೋಣ. ಈಗಿರುವ ನಿಯಮದಂತೆ ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಓದಿರಬೇಕು. ಕಾಮರ್ಸ್, ಆರ್ಟ್ಸ್ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆದು ಪಾಸಾಗಿ ಬರುವುದುಂಟು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ತಾನೇ ಜವಾಬ್ದಾರಿ ಹೊತ್ತು ಹಾರಿಸಿರಬೇಕು. ಇದರ ಜೊತೆಗೆ ವಾಯು ನಿಯಮ, ನ್ಯಾವಿಗೇಷನ್, ಹವಾಮಾನ, ತಾಂತ್ರಿಕ ವಿಷಯ, ರೇಡಿಯೋ ಸಂಭಾಷಣೆಯ ಪರೀಕ್ಷೆಗಳು.

200 ಗಂಟೆ ಅಂದರೆ ದಿನಕ್ಕೆ ಎರಡು ಗಂಟೆಯಂತೆ ಮೂರೂವರೆ ತಿಂಗಳಲ್ಲಿ ಮುಗಿಯಬೇಕು, ಅಲ್ವಾ? ಮುಗಿಯುವುದಿಲ್ಲ. ಕಲಿಯುವವರು ಬಹುಪಾಲು ಕಣ್ಣಿಗೆ ನೆಲ ಕಾಣುವ ಹವೆಯಲ್ಲೇ ಹಾರಬೇಕು. ವಿಮಾನ ಖಾಲಿ ಇರಬೇಕು, ಶಿಕ್ಷಕರು ಸಿಗಬೇಕು, ಆ ಹೊತ್ತಿಗೆ ಆಕಾಶದಲ್ಲಿ ಜಾಗವೂ ಇರಬೇಕು. ಮಳೆಗಾಲದಲ್ಲಿ 3,000 ಮಿಲಿಮೀಟರ್ ಸುರಿಯುವ ನಮ್ಮ ಕರಾವಳಿಯಂಥ ಕಡೆ ಫ್ಲೈಯಿಂಗ್ ಸ್ಕೂಲ್ ಇಟ್ಟರೆ ಜೂನ್‌ನಿಂದ ಹುಡುಗರು ಆಕಾಶ ನೋಡುತ್ತ ಕೂರಬೇಕಾಗುತ್ತದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ ದಶಕಗಳ ಹಳೆಯದು. ಎಲ್ಲಿ ಕಲಿತರೂ ಒಂದೂವರೆ-ಎರಡು ವರ್ಷ ಹಿಡಿಯುವುದು ಮಾಮೂಲು. ಖರ್ಚು ಅರ್ಧ ಕೋಟಿ ರೂಪಾಯಿ ದಾಟುವುದೂ ಮಾಮೂಲು.

ಮೋಡದೊಳಗೆ ಹಾರುವ ತರಬೇತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ನೇರ ನಿಂತಿದ್ದೇವೋ ವಾಲಿದ್ದೇವೋ ಎಂದು ತಿಳಿಸುವುದು ಒಳಕಿವಿಯ ದ್ರವ. ಅದಕ್ಕೆ ಕಣ್ಣಿನ ಸಾಕ್ಷಿ ಬೇಕು. ಸುತ್ತಲೂ ಬಿಳಿ ಮೋಡ ಕವಿದಾಗ ವಿಮಾನ ನಿಧಾನಕ್ಕೆ ಒಂದು ಕಡೆ ವಾಲಿದರೆ ಒಳಕಿವಿಗೆ ಗೊತ್ತೇ ಆಗುವುದಿಲ್ಲ. ಪೈಲಟ್ ಅದನ್ನು ಸರಿ ಮಾಡಿದಾಗ ಮಾತ್ರ "ಈಗ ವಾಲಿದೆವು" ಎಂದು ಮೈ ಹೇಳುತ್ತದೆ. ಮೈ ಮಾತು ಕೇಳಿದರೆ ವಿಮಾನ ಮತ್ತೆ ವಾಲುತ್ತದೆ, ಸುತ್ತುತ್ತ ಕೆಳಗಿಳಿಯುತ್ತದೆ. ಆದ್ದರಿಂದ ಇನ್‌ಸ್ಟ್ರುಮೆಂಟ್ ತರಬೇತಿಯಲ್ಲಿ ಕಲಿಸುವುದು ಮುಖ್ಯವಾಗಿ ಒಂದೇ: ನಿನ್ನ ಮೈ ಹೇಳುವುದನ್ನು ನಂಬಬೇಡ, ಎದುರಿನ ಮೀಟರನ್ನು ನಂಬು. ಕೇಳಲು ಸುಲಭ. ಹೊಟ್ಟೆಯೊಳಗೆಲ್ಲ ತಿರುಗಿದ ಹಾಗಾಗುತ್ತಿರುವಾಗ ಆ ಮೀಟರನ್ನೇ ನೋಡುತ್ತ ಕೂರಲು ಅಭ್ಯಾಸವೇ ಬೇಕು.

ಲೈಸೆನ್ಸ್ ಕೈಗೆ ಬಂದರೂ ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಲು ಆಗುವುದಿಲ್ಲ. ಪ್ರತಿ ಮಾದರಿಗೂ ಬೇರೆ ತರಬೇತಿ, ಅದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ಬಹುಪಾಲು ಅದು ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೆಯೇ ಇರುವ ಅಣಕು ಕಾಕ್‌ಪಿಟ್‌ನಲ್ಲಿ ನಡೆಯುತ್ತದೆ. ಅಲ್ಲಿ ಎಂಜಿನ್‌ಗೆ ಬೆಂಕಿ ಹತ್ತಿಸುತ್ತಾರೆ, ಹೈಡ್ರಾಲಿಕ್ಸ್ ಕೈಕೊಡಿಸುತ್ತಾರೆ, ಟೇಕಾಫ್‌ನ ಅತಿ ಕೆಟ್ಟ ಕ್ಷಣದಲ್ಲಿ ಒಂದು ಎಂಜಿನ್ ಆರಿಸುತ್ತಾರೆ. ಆ ಕ್ಷಣಕ್ಕೊಂದು ಲೆಕ್ಕ ಇದೆ. ಪ್ರತಿ ಟೇಕಾಫ್‌ಗೂ ವಿ-ಒನ್ ಎಂಬ ವೇಗವನ್ನು ಮೊದಲೇ ಲೆಕ್ಕ ಹಾಕಿಡುತ್ತಾರೆ. ವಿಮಾನದ ತೂಕ, ರನ್‌ವೇ ಉದ್ದ, ಬಿಸಿಲು, ಗಾಳಿ, ನೆಲದ ಒದ್ದೆ ಎಲ್ಲ ಅದರಲ್ಲಿ ಸೇರುತ್ತದೆ. ಆ ವೇಗ ಮುಟ್ಟುವ ಮೊದಲು ಏನಾದರೂ ಕೆಟ್ಟರೆ ನಿಲ್ಲಿಸಬಹುದು. ದಾಟಿದ ಮೇಲೆ ಎಂಜಿನ್ ಕೆಟ್ಟರೂ ಹಾರಲೇಬೇಕು, ಏಕೆಂದರೆ ನಿಲ್ಲಲು ರನ್‌ವೇ ಸಾಲುವುದಿಲ್ಲ. ಹಾರಿದ ಮೇಲೆ ಒಂದೇ ಎಂಜಿನ್‌ನಲ್ಲಿ ಸುತ್ತಿ ಬಂದು ಇಳಿಯಬಹುದು. "ಬೇಡ" ಎನ್ನುವುದಕ್ಕೂ ಒಂದು ಗಡುವು ಇದೆ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವ ಕೆಲಸದಲ್ಲೂ ಕಲಿಸುವುದಿಲ್ಲವೇನೋ.

ಕಲಿಕೆ ಅಲ್ಲಿಗೂ ಮುಗಿಯುವುದಿಲ್ಲ. ವರ್ಷಕ್ಕೆರಡು ಸಲ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಇರುತ್ತದೆ. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸ್‌ಗೆ 1,500 ಗಂಟೆ ಹಾರಾಟ ಆಗಿರಬೇಕು.

ಇಷ್ಟೆಲ್ಲ ತರಬೇತಿ ಆಗಿಯೂ "ಬೇಡ" ಎನ್ನುವ ಮಾತು ಸೋತ ಜಾಗ ನಮಗೆ ದೂರದ್ದಲ್ಲ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು, ಎಂಟು ಜನ ಉಳಿದರು. ತನಿಖೆಯಲ್ಲಿ ಹೊರಬಂದ ವಿಷಯ ಇದು: ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ದೆಯಲ್ಲಿದ್ದರು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕಿರಿಯ ಪೈಲಟ್, ಅಂದರೆ ಫಸ್ಟ್ ಆಫೀಸರ್, ಮೂರು ಸಲ "ಗೋ ಅರೌಂಡ್" ಎಂದರು. ಅಂದರೆ ಇಳಿಯುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ ಎಂದು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು.

ಹಾರಿಸುವುದು ಇಬ್ಬರಿಗೂ ಬರುತ್ತಿತ್ತು. ಕಿರಿಯನ ಮಾತಿಗೆ ಹಿರಿಯ ನಿಲ್ಲಲಿಲ್ಲ, ಮಾತು ಕೇಳಿಸದಿದ್ದಾಗ ಕಿರಿಯ ತಾನೇ ವಿಮಾನವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿ ಇರುವುದು ಇದಕ್ಕಾಗಿಯೇ. ದೊಡ್ಡವರ ಎದುರು ಬಾಯಿ ತೆಗೆಯಬಾರದು ಎಂದು ಕಲಿಸಿಯೇ ಮಕ್ಕಳನ್ನು ಬೆಳೆಸುವ ನಮ್ಮಂಥ ಸಮಾಜಕ್ಕೆ ಈ ಪಾಠ ಫಿಸಿಕ್ಸ್‌ಗಿಂತ ಕಷ್ಟದ್ದು ಎಂದು ನನಗೆ ಅನಿಸುತ್ತದೆ.

ಈಗ ನೆಲದ ಮೇಲಿನವರ ಕಡೆಗೆ ಬರೋಣ. ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಎಂಜಿನಿಯರ್ ಅಂದರೆ ಮೆಕ್ಯಾನಿಕ್ ಎಂದು ತಿಳಿಯುವವರು ಜಾಸ್ತಿ. ಸ್ಪ್ಯಾನರ್ ಹಿಡಿಯುವ ತಂತ್ರಜ್ಞರು ಬೇರೆ ಇರುತ್ತಾರೆ. ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕುವವರು. ರಿಪೇರಿ ಆದ ವಿಮಾನ ಹಾರಲು ಯೋಗ್ಯ ಎಂದು ಅವರು ಸಹಿ ಮಾಡುವ ತನಕ ಕ್ಯಾಪ್ಟನ್ ಎಷ್ಟೇ ದೊಡ್ಡವರಿದ್ದರೂ ವಿಮಾನ ಹೊರಡುವುದಿಲ್ಲ. ಲೈಸೆನ್ಸ್‌ನಲ್ಲಿ ಮುಖ್ಯವಾಗಿ ಎರಡು ದಾರಿ: ಬಿ-1 ಅಂದರೆ ಎಂಜಿನ್ ಮತ್ತು ವಿಮಾನದ ಮೈಕಟ್ಟು, ಬಿ-2 ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ವಿದ್ಯುತ್. ಪರೀಕ್ಷೆಗಳ ಜೊತೆ ಹಾರುವ ಸ್ಥಿತಿಯಲ್ಲಿರುವ ವಿಮಾನಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ದಾಖಲೆ ಬೇಕು. ಆಮೇಲೆ ಪ್ರತಿ ಮಾದರಿಗೂ ಬೇರೆ ಅನುಮತಿ.

ಕೆಟ್ಟದ್ದೆಲ್ಲ ರಿಪೇರಿ ಆದ ಮೇಲೆಯೇ ವಿಮಾನ ಹಾರುತ್ತದೆ ಎಂದಲ್ಲ. ಯಾವ ಯಾವ ಭಾಗ ಕೆಟ್ಟಿದ್ದರೆ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂದು ಹೇಳುವ ಪಟ್ಟಿಯೊಂದು ಪ್ರತಿ ಮಾದರಿಗೂ ಇದೆ. ಅದನ್ನು ಎಂಇಎಲ್ ಎನ್ನುತ್ತಾರೆ. ಕೆಲವು ದೋಷಗಳಿಗೆ 3 ದಿನ, ಕೆಲವಕ್ಕೆ 10 ದಿನ, ಕೆಲವಕ್ಕೆ 120 ದಿನದ ಗಡುವು. ಪಟ್ಟಿಯಲ್ಲಿ ಇಲ್ಲದ ದೋಷ ಕಂಡರೆ ವಿಮಾನ ನಿಲ್ಲಬೇಕು. ಬೆಳಗಿನ ಜಾವ ನಾಲ್ಕಕ್ಕೆ, 180 ಜನ ಕಾಯುತ್ತಿರುವಾಗ, ಕಂಪನಿಯ ಫೋನ್ ಮೇಲೆ ಫೋನ್ ಬರುತ್ತಿರುವಾಗ ಸಹಿ ಹಾಕುವುದಿಲ್ಲ ಎನ್ನಬೇಕು. ಇದನ್ನು ಯಾವ ಪಠ್ಯಪುಸ್ತಕವೂ ಪೂರ್ತಿ ಕಲಿಸಲಾರದು. ಮಾನವ ಸಹಜ ತಪ್ಪುಗಳ ಬಗ್ಗೆ ಪಠ್ಯಕ್ರಮದಲ್ಲೇ ಒಂದು ಭಾಗ ಇಟ್ಟಿರುವುದು ಈ ಕಾರಣಕ್ಕೆ. ಹ್ಯಾಂಗರ್‌ನಲ್ಲಿ ಪ್ರತಿ ಸ್ಪ್ಯಾನರಿಗೂ ಬೋರ್ಡಿನ ಮೇಲೆ ಅದರದೇ ಆಕಾರದ ಗೆರೆ ಬರೆದಿರುತ್ತಾರೆ. ಸಂಜೆ ಒಂದು ಜಾಗ ಖಾಲಿ ಕಂಡರೆ ಅದು ಎಂಜಿನ್ ಒಳಗೆ ಉಳಿದಿಲ್ಲ ಎಂದು ಗೊತ್ತಾಗುವ ತನಕ ವಿಮಾನ ಹೊರಗೆ ಹೋಗುವುದಿಲ್ಲ.

ಏರ್ ಟ್ರಾಫಿಕ್ ಕಂಟ್ರೋಲರ್‌ಗಳನ್ನು ನೇಮಿಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಫಿಸಿಕ್ಸ್ ಮತ್ತು ಗಣಿತ ಇರುವ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಆಯ್ಕೆಯಾದವರಿಗೆ ಸಂಬಳ ಕೊಟ್ಟೇ ಕಲಿಸುತ್ತಾರೆ. ಪ್ರಯಾಗ್‌ರಾಜ್‌ನ ತರಬೇತಿ ಕಾಲೇಜು ಇದಕ್ಕೆ ಹೆಸರಾದದ್ದು. ಜಿಲ್ಲೆಯ ಬಿಎಸ್ಸಿ ಮಕ್ಕಳಿಗೆ ಯಾಕೋ ಈ ಕೆಲಸದ ಸುದ್ದಿಯೇ ತಲುಪಿಲ್ಲ. ಲಕ್ಷಗಟ್ಟಲೆ ಖರ್ಚಿಲ್ಲದೆ ವಿಮಾನಯಾನದ ಒಳಗೆ ಹೋಗುವ ದಾರಿ ಇದು. ಸ್ಪರ್ಧೆ ಮಾತ್ರ ಜೋರು.

ಕಾಲೇಜು ಮುಗಿಸಿದ ಕೂಡಲೇ ಮೈಕ್ ಕೊಡುವುದಿಲ್ಲ. ನೇಮಕವಾದ ನಿಲ್ದಾಣದಲ್ಲಿ ಅನುಭವಿಯೊಬ್ಬರು ಪಕ್ಕದಲ್ಲಿ ಕೂತು ತಿಂಗಳುಗಟ್ಟಲೆ ನೋಡುತ್ತಾರೆ. ಆಮೇಲೆ ಸಿಗುವ ರೇಟಿಂಗ್ ಆ ಜಾಗಕ್ಕೆ, ಆ ಕುರ್ಚಿಗೆ ಮಾತ್ರ. ಬೆಂಗಳೂರಿನಲ್ಲಿ ಹತ್ತು ವರ್ಷ ಮಾಡಿದವರೂ ಮಂಗಳೂರಿಗೆ ವರ್ಗವಾದರೆ ಅಲ್ಲಿಯ ಗುಡ್ಡ, ಗಾಳಿ, ದಾರಿ ಎಲ್ಲ ಕಲಿತು ಮತ್ತೆ ಪಾಸಾಗಬೇಕು.

ಇಂಗ್ಲಿಷಿನ ಬಗ್ಗೆ ಹೇಳದೇ ಮುಂದೆ ಹೋಗುವ ಹಾಗಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಝಾಕಿಸ್ತಾನದ ವಿಮಾನ, 14,000 ಅಡಿಯಲ್ಲಿ ಎದುರು ಬರುತ್ತಿದ್ದ ಸೌದಿ ವಿಮಾನದ ಮಟ್ಟಕ್ಕೆ ಇಳಿದುಬಿಟ್ಟಿತ್ತು. ಕಝಾಕ್ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದದ್ದೂ ದೊಡ್ಡ ಪ್ರಶ್ನೆಯಾಯಿತು. ಇಂಥ ಅಪಘಾತಗಳ ನಂತರ ಐಕಾವೋ ಭಾಷೆಗೂ ಆರು ಹಂತದ ಅಳತೆ ತಂದಿತು. ಅಂತರರಾಷ್ಟ್ರೀಯ ಸಂಚಾರದ ಪೈಲಟ್‌ಗೂ ಕಂಟ್ರೋಲರ್‌ಗೂ ಕನಿಷ್ಠ ನಾಲ್ಕನೇ ಹಂತ ಬೇಕು. ಕನ್ನಡ ಮಾಧ್ಯಮದ ಮಕ್ಕಳು ಇದಕ್ಕೆ ಹೆದರಬೇಕಾಗಿಲ್ಲ. ಅಲ್ಲಿ ನೋಡುವುದು ಉಚ್ಚಾರದ ಠೀವಿಯನ್ನಲ್ಲ. ಹೇಳಿದ್ದು ಎದುರಿನವರಿಗೆ ತಿಳಿಯಬೇಕು, ತಿಳಿಯದಿದ್ದರೆ "ಇನ್ನೊಮ್ಮೆ ಹೇಳಿ" ಎಂದು ಕೇಳಲು ಬರಬೇಕು. ನಾಚಿಕೆಯಿಂದ ಹೂಂ ಅನ್ನುವವರಿಗೆ ಈ ಕೆಲಸ ಆಗುವುದಿಲ್ಲ.

ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ಚುಟುಕಾಗಿ: 50 ಸೀಟಿಗೆ ಒಬ್ಬರು ಇರಬೇಕೆಂಬ ನಿಯಮ ಇರುವುದು ಕಾಫಿ ಕೊಡುವುದಕ್ಕಲ್ಲ, ಬೆಂಕಿ ಬಿದ್ದಾಗ ಜನರನ್ನು ಹೊರಗೆ ಹಾಕುವುದಕ್ಕೆ. ನಿಲ್ದಾಣದ ಅಗ್ನಿಶಾಮಕ ದಳ 3 ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ಮುಟ್ಟಬೇಕು. ಆ ವಾಹನ ಓಡಿಸಲು, ನೊರೆ ಹೊಡೆಯಲು ಬೇರೆಯೇ ತರಬೇತಿ ಇದೆ.

ಇವರನ್ನೆಲ್ಲ ಪರೀಕ್ಷಿಸುವವರು ಯಾರು? ಈ ಕೊಂಡಿಯನ್ನು ನಮ್ಮ ದೇಶ ಒಮ್ಮೆ ಮರೆತು ಬೆಲೆ ತೆತ್ತಿತು. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸುರಕ್ಷತೆಯ ಮೇಲ್ವಿಚಾರಣೆಯಲ್ಲಿ ಭಾರತವನ್ನು ಒಂದನೇ ದರ್ಜೆಯಿಂದ ಎರಡನೆಯದಕ್ಕೆ ಇಳಿಸಿತು. ವಿಮಾನ ಕಂಪನಿಗಳ ಮೇಲೆ ಕಣ್ಣಿಡಬೇಕಾದ ಡಿಜಿಸಿಎಯಲ್ಲಿ ತರಬೇತಾದ ಇನ್‌ಸ್ಪೆಕ್ಟರುಗಳು ಸಾಕಷ್ಟಿಲ್ಲ ಎಂಬುದು ಮುಖ್ಯ ಆಕ್ಷೇಪ. ದರ್ಜೆ ಮರಳಿ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. ಅಲ್ಲಿಯ ತನಕ ನಮ್ಮ ಕಂಪನಿಗಳು ಅಮೆರಿಕಕ್ಕೆ ಹೊಸ ಸಂಚಾರ ಶುರು ಮಾಡುವ ಹಾಗಿರಲಿಲ್ಲ. ವಿಮಾನ ಇತ್ತು, ಪೈಲಟ್ ಇದ್ದರು, ಟಿಕೆಟ್ ಕೊಳ್ಳುವವರೂ ಇದ್ದರು. ಅನುಭವಿ ಪೈಲಟ್‌ಗೆ ಸರ್ಕಾರಿ ಸಂಬಳ ಕೊಟ್ಟು ಇನ್‌ಸ್ಪೆಕ್ಟರ್ ಮಾಡುವುದು ಸುಲಭವಲ್ಲ. ಕಂಪನಿಯಲ್ಲಿ ಅದರ ಎಷ್ಟೋ ಪಟ್ಟು ಸಿಗುತ್ತದೆ.

ಶಿಕ್ಷಕರ ಕಥೆಯೂ ಇದೇ. ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುವವರಲ್ಲಿ ಹಲವರು ಹೊಸದಾಗಿ ಲೈಸೆನ್ಸ್ ಪಡೆದವರೇ. ಗಂಟೆಗಳನ್ನು ಕೂಡಿಸಿಕೊಳ್ಳುತ್ತ ಏರ್‌ಲೈನ್‌ನ ಕರೆಗೆ ಕಾಯುತ್ತಿರುತ್ತಾರೆ. ಏರ್‌ಲೈನ್‌ಗಳು ಬೆಳೆದಾಗ ಮೊದಲು ಖಾಲಿಯಾಗುವುದು ಶಾಲೆಯ ಶಿಕ್ಷಕರ ಕೋಣೆ. ಅಂದರೆ ಪೈಲಟ್‌ಗಳ ಬೇಡಿಕೆ ಏರಿದಷ್ಟೂ ಅವರನ್ನು ತಯಾರಿಸುವ ಶಕ್ತಿ ಕುಗ್ಗುತ್ತದೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಇಂಥ ಆರ್ಡರಿಗೆ ಸಹಿ ಹಾಕಲು ಒಂದು ದಿನ ಸಾಕು. ಕ್ಯಾಪ್ಟನ್‌ಗಳನ್ನು ಆರ್ಡರ್ ಮಾಡಿ ತರಿಸಲು ಬರುವುದಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ ಎಂದು 2025ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತಿಳಿಯಿತು. ಪೈಲಟ್‌ಗಳ ದಣಿವು ಕಡಿಮೆ ಮಾಡಲು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ್ದರು, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಕಡಿಮೆ ಮಾಡಿದ್ದರು. ಹೊಸ ನಿಯಮ ಪೂರ್ತಿ ಜಾರಿಯಾದ ಮೇಲೆ ಇಂಡಿಗೋಗೆ ಪೈಲಟ್‌ಗಳು ಸಾಲದೆ ಸಾವಿರಾರು ವಿಮಾನಗಳು ರದ್ದಾದವು. ಕಡೆಗೆ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಮಂಗಳೂರಿನ ದುರಂತದ ನಂತರವೂ ದಣಿವಿನ ನಿಯಮ ಸಡಿಲಿಸಿದ್ದನ್ನು ಕೇಳಿ ನನಗಂತೂ ಕಸಿವಿಸಿಯಾಯಿತು. ಜನ ಸಾಕಷ್ಟಿಲ್ಲದ ಕಡೆ "ಬೇಡ" ಎನ್ನುವವರ ಮಾತು ಮೊದಲು ಸೋಲುತ್ತದೆ.

ಮತ್ತೆ ನಮ್ಮ ಹುಡುಗ-ಹುಡುಗಿಯರ ಪ್ರಶ್ನೆಗೆ ಬರೋಣ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಿ "ನಾನೂ ಪೈಲಟ್ ಆಗ್ತೇನೆ" ಎನ್ನುವ ಮಗು ಮನೆಯಲ್ಲಿದ್ದರೆ, ಸಾಲ ಕೇಳಲು ಬ್ಯಾಂಕಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಹೋಗಿ. ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಮೊದಲು ಕ್ಲಾಸ್ 2 ಮೆಡಿಕಲ್, ನಂತರ ಕ್ಲಾಸ್ 1. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಈ ತಪಾಸಣೆ ಆಗುತ್ತದೆ. ಕನ್ನಡಕ ಇದ್ದರೆ ಗಾಬರಿ ಬೇಡ, ಮಿತಿಯೊಳಗಿದ್ದರೆ ನಡೆಯುತ್ತದೆ. ಬಣ್ಣ ಗುರುತಿಸುವ ತೊಂದರೆ ಇದ್ದರೆ ಮಾತ್ರ ಅದು ಫೀಸು ಕಟ್ಟಿದ ಮೇಲೆ ಗೊತ್ತಾಗಬಾರದು.

ಎಂಜಿನಿಯರ್ ಆಗಲು ಹೊರಟವರು ಸಂಸ್ಥೆಗೆ ತರಬೇತಿ ನಡೆಸಲು ಡಿಜಿಸಿಎ ಕೊಡುವ ಸಿಎಆರ್-147 ಅನುಮತಿ ಇದೆಯೇ, ಯಾವ ವಿಭಾಗಕ್ಕೆ ಇದೆ, ಇವತ್ತಿನ ತನಕ ಚಾಲ್ತಿಯಲ್ಲಿದೆಯೇ ಎಂದು ಡಿಜಿಸಿಎಯ ಪಟ್ಟಿಯಲ್ಲೇ ನೋಡಬೇಕು. ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್, ಏವಿಯೇಷನ್ ಡಿಪ್ಲೊಮಾ ಎಂಬ ಹೆಸರಿನಲ್ಲಿ ನಡೆಯುವ ಕೋರ್ಸುಗಳಿಂದ ಯಾವ ಲೈಸೆನ್ಸೂ ಬರುವುದಿಲ್ಲ. ಕೌಂಟರಿನ ಕೆಲಸಕ್ಕೆ ಅದು ಸ್ವಲ್ಪ ನೆರವಾದೀತು, ಅಷ್ಟೆ. ಅಂಥ ಕೋರ್ಸಿಗೆ ತೋಟ ಅಡ ಇಡುವುದು ಬೇಡ.

ಡ್ರೋನ್ ಇಷ್ಟಪಡುವವರಿಗೆ ದಾರಿ ಇನ್ನೂ ಹತ್ತಿರ. 2021ರ ಡ್ರೋನ್ ನಿಯಮಗಳ ಪ್ರಕಾರ 18 ವರ್ಷ ತುಂಬಿ ಹತ್ತನೇ ತರಗತಿ ಪಾಸಾದವರು ಅನುಮತಿ ಇರುವ ಶಾಲೆಯಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಆದರೆ ಹಾರಿಸುವ ಮೊದಲು, ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಬೇಕು. ಶಿರಸಿಯ ಅಡಿಕೆ ತೋಟದ ಮೇಲೆ ಹಾರಿಸುವುದಕ್ಕೂ, ಕದಂಬ ನೌಕಾನೆಲೆ ಇರುವ ಕಾರವಾರದ ಅರಗಾದ ಸುತ್ತ ಹಾರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.